ಮಾವನ ಕಿವಿಗೂ ಮನೆಮಂದಿಯ ಕಿವಿಗೂ

ನರಸಿಂಹರಾಜಪುರದ ತವರುಮನೆಯಿಂದ ಶೃಂಗೇರಿಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಬಂದ ಸಾಮಾನುಗಳಲ್ಲಿ ಅತಿ ಭಾರದ್ದು ಕಂಪ್ಯೂಟರ್. ಆಗಿನ ಮಾನಿಟರುಗಳು ಹಿಂದಕ್ಕೆ ಅರ್ಧ ಮೇಜಿನಷ್ಟು ಚಾಚಿಕೊಂಡಿರುತ್ತಿದ್ದವು. ಅಪ್ಪ ಅದನ್ನು ಹಾಸಿಗೆಯಲ್ಲಿ ಸುತ್ತಿ, ಹಗ್ಗ ಬಿಗಿದು, ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕಳಿಸಿದ್ದರು. ಮದುವೆಗೆ ಮೊದಲೇ ನಾನು ಡಿಟಿಪಿ ಕಲಿತು, ಕೊಪ್ಪದ ಒಂದು ಪ್ರೆಸ್ಸಿಗೆ ಮದುವೆ ಕಾಗದಗಳನ್ನು ಟೈಪ್ ಮಾಡಿ ಕೊಡುತ್ತಿದ್ದೆ. ಮದುವೆಯಾದ ಮೇಲೂ ಅದನ್ನು ಬಿಡುವುದಿಲ್ಲ ಎಂದು ಮೊದಲೇ ಹೇಳಿಯಾಗಿತ್ತು. ನನ್ನ ಗಂಡನಿಗೆ ಕೊಪ್ಪದಲ್ಲೇ ಕೆಲಸ. ಬೆಳಿಗ್ಗೆ ಬಸ್ಸು ಹತ್ತುವಾಗ ನಾನು ಮಾಡಿಟ್ಟ ಸಿಡಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಪ್ರೆಸ್ಸಿಗೆ ಕೊಟ್ಟರಾಯಿತು. ಎಲ್ಲರೂ ಒಪ್ಪಿದ್ದರು.

ಒಪ್ಪಿದವರಲ್ಲಿ ಮಾವನವರೂ ಇದ್ದರು. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು ಅವರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಸ್ನಾನಕ್ಕೆ ನೀರು ಕಾಯದಿದ್ದರೆ "ಯಾಕೆ ಆಗ್ಲಿಲ್ಲ ಅಂತ ಕೇಳ್ತಿಲ್ಲ, ಯಾವಾಗ ಆಗತ್ತೆ ಹೇಳು" ಎನ್ನುತ್ತಿದ್ದರು. ಅತ್ತೆ ಒಲೆಗೆ ಇನ್ನೊಂದು ಕೊಳ್ಳಿ ತಳ್ಳುತ್ತಿದ್ದರು. ಕಂಪ್ಯೂಟರ್ ಬಂದ ದಿನ ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇಂಥದ್ದನ್ನು ಕೋಣೆಯೊಳಗೆ ಇಡಬಾರ್ದು, ನಾಲ್ಕು ಜನ ನೋಡೋ ಹಾಗೆ ಹೊರಗಿರಬೇಕು" ಎಂದು ಅಪ್ಪಣೆ ಮಾಡಿದರು. ಹಾಗೆ ನನ್ನ ಕಂಪ್ಯೂಟರ್ ನನ್ನ ಕೋಣೆಯನ್ನು ನೋಡುವ ಮೊದಲೇ ಜಗಲಿಗೆ ವರ್ಗವಾಯಿತು. ಅದಕ್ಕೆ ಅತ್ತೆ ಕಸೂತಿ ಹಾಕಿದ ಬಟ್ಟೆ ಹೊದಿಸಿದರು. ಯಾರಾದರೂ ಬಂದರೆ ಮಾವ ಆ ಬಟ್ಟೆ ಸರಿಸಿ ತೋರಿಸಿ, ಮತ್ತೆ ಮುಚ್ಚುತ್ತಿದ್ದರು.

ಮಾವನವರಿಗೆ ಕಿವಿ ಮಂದ. ಹಾಗೆಂದು ಮನೆಯಲ್ಲಿ ಯಾರೂ ಹೇಳುವಂತಿರಲಿಲ್ಲ. ಅವರ ಪ್ರಕಾರ ಜನ ಈಚೆಗೆ ಗೊಣಗುವುದನ್ನು ಕಲಿತಿದ್ದರು. ಶಿವಮೊಗ್ಗದ ಕಿವಿ ಡಾಕ್ಟರು ಒಂದು ಸಣ್ಣ ಶ್ರವಣಯಂತ್ರ ಕೊಟ್ಟಾಗ ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಇದು ಮುದುಕರಿಗೆ" ಎಂದು ವಾಪಸು ಕೊಟ್ಟು ಬಂದಿದ್ದರು. ಅದರ ಬದಲು ಊರಿನ ಎಲ್ಲ ದನಿಗಳೂ ತಮಗೆ ಕೇಳುವಷ್ಟು ದೊಡ್ಡದಾಗಬೇಕೆಂದು ಅವರು ತೀರ್ಮಾನಿಸಿದ್ದರು. ಅವರ ನಿವೃತ್ತ ಗೆಳೆಯರೊಬ್ಬರು ಪ್ರವಚನಗಳ ಒಂದು ಕಟ್ಟು ಸಿಡಿ ತಂದುಕೊಟ್ಟರು. ಒಂದೊಂದು ಸಿಡಿಯಲ್ಲಿ ದಿನವಿಡೀ ಕೇಳಿದರೂ ಮುಗಿಯದಷ್ಟು ವೈರಾಗ್ಯ. ಮಾವ ತಿಂಡಿ ಮುಗಿಸಿ, ಜಗಲಿಯಲ್ಲಿ ನನ್ನ ಕುರ್ಚಿಯಲ್ಲಿ ಕೂತು, ನನ್ನ ಸ್ಪೀಕರಿನ ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸುತ್ತಿದ್ದರು. ಆಮೇಲೆ ಊಟದ ಹೊತ್ತಿನ ತನಕ ಸಂಸಾರ ಅಸಾರ, ದೇಹ ನಶ್ವರ, ಬಂಧುಗಳು ಬಂಧನ. ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮಾವ ಅದನ್ನು ನೋಡಿ, ಅವರಿಗೆ ಧರ್ಮದಲ್ಲಿ ಆಸಕ್ತಿ ಸಾಲದು ಎಂದು ಅರ್ಥ ಮಾಡಿಕೊಂಡರು.

ಗಂಡನಿಗೆ ಇದರ ಬಿಸಿ ತಾಗಲಿಲ್ಲ. ಪ್ರವಚನ ಶುರುವಾಗುವ ಹೊತ್ತಿಗೆ ಸರಿಯಾಗಿ ಅವರ ಬಸ್ಸು ಇರುತ್ತಿತ್ತು. ಭಾನುವಾರವೂ ಅವರಿಗೆ ಕೊಪ್ಪದಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳತೊಡಗಿತು. ನನಗೆ ಮಾತ್ರ ಎಲ್ಲೂ ಹೋಗಲಿಕ್ಕಿರಲಿಲ್ಲ. ಮಾವ ಕುರ್ಚಿಯಲ್ಲಿ ಕೂತಿದ್ದರೆ ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಓರೆಯಾಗಿ ಕೀಬೋರ್ಡು ಎಳೆದುಕೊಂಡು ಟೈಪ್ ಮಾಡಬೇಕು. ಒಂದು ದಿನ ಪ್ರೆಸ್ಸಿನವರ ಫೋನು ಬಂತು.

"ಮೇಡಂ, ಈ ಕಾಗದದಲ್ಲಿ 'ನಶ್ವರವಾದ ಈ ಶುಭ ಸಮಾರಂಭಕ್ಕೆ ತಾವು ಬಂದು' ಅಂತ ಇದ್ಯಲ್ಲ, ಹಾಗೇ ಹಾಕೋದಾ? ಪಾರ್ಟಿಯವರು ಹೇಳಿದ್ದಾ?"

ಅದು ಅಚ್ಚಾಗುವ ಮೊದಲೇ ಅವರು ನೋಡಿದ್ದರಿಂದ ಯಾರದೋ ಮದುವೆ ಉಳಿಯಿತು. ಆ ಸಂಜೆ ನಾನು ಗಂಡನ ಹತ್ತಿರ, ಒಂದೋ ಈ ಮನೆಯಲ್ಲಿ ಪ್ರವಚನ ಇರಬೇಕು, ಇಲ್ಲವೇ ಮದುವೆ ಕಾಗದ ಇರಬೇಕು ಎಂದೆ. ಅವರು ಬಹಳ ಹೊತ್ತು ಯೋಚಿಸಿ, ಅಪ್ಪನಿಗೆ ಹೇಳುವ ಧೈರ್ಯ ತಮಗಿಲ್ಲ, ಆದರೆ ಕೊಂಡು ತರುವ ಧೈರ್ಯ ಇದೆ ಎಂಬ ನಿರ್ಧಾರಕ್ಕೆ ಬಂದರು. ಮುಂದಿನ ವಾರ ಶಿವಮೊಗ್ಗಕ್ಕೆ ಹೋದವರು ಒಂದು ಹೆಡ್‌ಫೋನ್ ತಂದರು. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಬಟ್ಟಲುಗಳು, ತಲೆಯ ಮೇಲೆ ದಪ್ಪನೆಯ ಪಟ್ಟಿ, ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಹಾಕುವ ವಯರು. ವಿಮಾನ ಓಡಿಸುವವರು ಹಾಕಿಕೊಳ್ಳುವುದೂ ಇಂಥದ್ದನ್ನೇ ಎಂದು ಅಂಗಡಿಯವನು ಹೇಳಿದನಂತೆ. ಶ್ರವಣಯಂತ್ರ ಬೇಡವೆಂದ ಮಾವ ಇದನ್ನು ಕಿರೀಟ ಧರಿಸುವ ಹಾಗೆ ಎರಡೂ ಕೈಯಿಂದ ಎತ್ತಿ ತಲೆಗಿಟ್ಟುಕೊಂಡರು.

ನಾನು ವಯರು ಚುಚ್ಚಿದೆ. ಕಂಪ್ಯೂಟರ್ ಹೊಸ ಸಾಧನ ಸಿಕ್ಕಿದೆ ಎಂದು ಮೂಲೆಯಲ್ಲಿ ಒಂದು ಗುಳ್ಳೆ ತೋರಿಸಿತು. ಆ ಕಾಲದ ಕಂಪ್ಯೂಟರಿಗೆ ಒಂದು ಗುಣ ಇತ್ತು. ಹೊಸಬರು ಬಂದರೆ ಹಳಬರನ್ನು ಮರೆತುಬಿಡುತ್ತಿತ್ತು. ದನಿಯೆಲ್ಲ ಹೆಡ್‌ಫೋನಿಗೆ ಹರಿದುಹೋಯಿತು, ಸ್ಪೀಕರ್ ಬಾಯಿ ಮುಚ್ಚಿತು. ಮಾವನ ಮುಖ ಅರಳಿತು. "ಎಷ್ಟು ಸ್ಪಷ್ಟ, ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ" ಎಂದು ಜೋರಾಗಿ ಕೂಗಿ ಹೇಳಿದರು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಕೇಳುವುದಿಲ್ಲ.

ಆಮೇಲೆ ಮನೆಯಲ್ಲಿ ಆದದ್ದನ್ನು ವಿವರಿಸುವುದು ಕಷ್ಟ. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಬೆಳಗಿನ ಹೊತ್ತು ಒಗ್ಗರಣೆ ಸಿಡಿಯುವುದು ಕೇಳಿಸಿತು. ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು, ಏನೋ ತಪ್ಪಾಗಿದೆ ಎಂಬಂತೆ ಜಗಲಿಯತ್ತ ನೋಡಿದರು. ಮಾವ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು. ಅತ್ತೆ ನನ್ನನ್ನು ನೋಡಿದರು, ನಾನು ವಯರನ್ನು ತೋರಿಸಿದೆ. ಅವರು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾವಿಬ್ಬರೂ ಆ ದಿನ ಬೇಕಾದಷ್ಟು ಮಾತಾಡಿದೆವು. ಅವರ ತವರು ಬಾಳೆಹೊನ್ನೂರಿನ ಹತ್ತಿರ ಎಂಬುದೂ, ಹುಡುಗಿಯಾಗಿದ್ದಾಗ ನಾಟಕದಲ್ಲಿ ಪಾತ್ರ ಮಾಡಿದ್ದರೆಂಬುದೂ ನನಗೆ ಗೊತ್ತಾದದ್ದು ಆವತ್ತೇ. ಅವರಿಗೆ ಅಷ್ಟು ಮಾತು ಬರುತ್ತದೆ ಎಂದೂ ಆವತ್ತೇ ಗೊತ್ತಾಯಿತು.

ಸುಖ ಹೆಚ್ಚು ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ, "ಇವತ್ತು ಆ ಆನೆಯ ದೃಷ್ಟಾಂತ ಹೇಳಿದ್ರಲ್ಲ, ಎಷ್ಟು ಚೆನ್ನಾಗಿತ್ತು ಅಲ್ದಾ?" ಎಂದರು.

ನಾನು ಅನ್ನ ಕಲಸುತ್ತ, "ಯಾವ ಆನೆ ಮಾವ?" ಎಂದುಬಿಟ್ಟೆ.

ಅವರು ತುತ್ತನ್ನು ತಟ್ಟೆಗೆ ಇಳಿಸಿದರು. "ನೀವು ಯಾರೂ ಕೇಳಿಲ್ವಾ?"

"ಅದು ನಿಮಗೆ ಮಾತ್ರ ಕೇಳತ್ತೆ ಮಾವ. ಹೆಡ್‌ಫೋನ್ ಹಾಕಿದ್ರೆ ಸ್ಪೀಕರಲ್ಲಿ ಬರಲ್ಲ."

ಇದು ಅವರಿಗೆ ಆತನಕ ಹೊಳೆದೇ ಇರಲಿಲ್ಲ. ತಮಗೆ ಕೇಳುವುದೆಲ್ಲ ಲೋಕಕ್ಕೂ ಕೇಳುತ್ತದೆ ಎಂದು ಅವರು ನಂಬಿದ್ದರು. ಇಷ್ಟು ದಿನ ಮನೆಮಂದಿಯ ಆತ್ಮೋದ್ಧಾರ ನಿಂತುಹೋಗಿದೆ, ತಮ್ಮ ಗಮನಕ್ಕೆ ಬಾರದೆ ನಿಂತುಹೋಗಿದೆ ಎಂಬುದು ಅವರನ್ನು ನಿಜಕ್ಕೂ ಕಲಕಿತು. "ಎರಡರಲ್ಲೂ ಬರಬೇಕು. ನಂಗೂ ಕೇಳ್ಬೇಕು, ಮನೆಗೂ ಕೇಳ್ಬೇಕು" ಎಂದರು.

"ಕಂಪ್ಯೂಟರಿಗೆ ಒಂದು ಸಲಕ್ಕೆ ಒಂದೇ ಕಡೆ ಕಳಿಸ್ಲಿಕ್ಕೆ ಬರೋದು ಮಾವ. ಯಾವುದು ಅಂತ ನಾವು ಆರಿಸಿ ಕೊಡ್ಬೇಕು."

ಅದು ಸುಳ್ಳೇನಲ್ಲ. ಕಂಟ್ರೋಲ್ ಪ್ಯಾನೆಲ್ ತೆಗೆದು ತೋರಿಸಿದೆ. ಅಲ್ಲಿ ದನಿ ಹೋಗುವ ಸಾಧನ ಯಾವುದೆಂದು ಆರಿಸುವ ಜಾಗ ಇತ್ತು, ಒಂದನ್ನು ಆರಿಸಿದರೆ ಇನ್ನೊಂದು ಬಿಟ್ಟುಹೋಗುತ್ತಿತ್ತು. ಮಾವ ಕನ್ನಡಕ ಏರಿಸಿ ನೋಡಿ, "ಇದೆಂಥ ಯಂತ್ರ ಮಾರಾಯ್ತಿ. ನಾವು ಒಂದು ಆರ್ಡರ್ ಹೊರಡಿಸಿದ್ರೆ ಎಲ್ಲಾ ಸೆಕ್ಷನ್ನಿಗೂ ಪ್ರತಿ ಹೋಗ್ತಿತ್ತು" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಆದರೆ ಮಾವ ಕೊಪ್ಪಕ್ಕೆ ಫೋನು ಮಾಡಿ ಅಳಿಯನನ್ನು ಕರೆಸಿದರು. ಈ ಭಾವ, ಅಂದರೆ ನನ್ನ ನಾದಿನಿಯ ಗಂಡ, ಕಂಪ್ಯೂಟರ್ ತಿಳಿದವರು ಎಂದು ಇಡೀ ಬಳಗದಲ್ಲಿ ಹೆಸರಾಗಿದ್ದರು. ಆ ಹೆಸರು ಹೇಗೆ ಬಂತೆಂದು ಯಾರಿಗೂ ಗೊತ್ತಿರಲಿಲ್ಲ, ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂ ಡ್ರೈವರ್ ಇರುತ್ತಿತ್ತು, ಅಷ್ಟೆ. ಬಂದವರು ಕಾಫಿ ಕುಡಿದು, ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ, ಮೊದಲು ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರು. ಬಿಚ್ಚುವ ಅಗತ್ಯವೇನು ಎಂದು ಕೇಳಿದೆ.

"ಧೂಳು ಇದ್ರೆ ಸೌಂಡ್ ಒಂದೇ ಕಡೆ ಹೋಗತ್ತೆ" ಎಂದರು.

ಮಾವ ತಲೆಯಾಡಿಸಿದರು. ಆಫೀಸಿನಲ್ಲೂ ಹಾಗೇ ಆಗುತ್ತಿತ್ತು ಎನ್ನುವ ಹಾಗೆ.

ಧೂಳು ಒರೆಸಿದ ಮೇಲೆ ಯಾವ ಕಡೆಗೂ ದನಿ ಬರಲಿಲ್ಲ. ಭಾವ ಹಿಂದುಗಡೆಯ ಪಿನ್ನುಗಳನ್ನೆಲ್ಲ ಕಿತ್ತು, ಹಸಿರು ತೂತಿನದನ್ನು ಗುಲಾಬಿ ತೂತಿಗೂ, ಗುಲಾಬಿಯದನ್ನು ನೀಲಿಗೂ ಹಾಕಿ ನೋಡಿದರು. ಒಂದು ಹಂತದಲ್ಲಿ ಸ್ಪೀಕರಿನಿಂದ ಮಿಕ್ಸಿ ತಿರುಗಿದಂತಹ ಸದ್ದು ಬಂತು. ಅದನ್ನು ಕೇಳಿ ಅತ್ತೆ ಒಳಗೆ ಹೋಗಿ ಮಿಕ್ಸಿಯ ಸ್ವಿಚ್ಚು ನೋಡಿ ಬಂದರು. ಸೌಂಡಿನ ಡ್ರೈವರನ್ನು ತೆಗೆದುಹಾಕಿ ಮತ್ತೆ ಹಾಕುವಾಗ ನನ್ನ ಕನ್ನಡ ಅಕ್ಷರಗಳೂ ಹೇಗೋ ಅದರ ಜೊತೆ ಹೋದವು. ಪೂರ್ತಿ ಮಾಡಿಟ್ಟಿದ್ದ ಒಂದು ನಾಮಕರಣದ ಕಾಗದ ಬರೀ ಚೌಕಗಳ ಸಾಲಾಯಿತು. "ಅದೆಲ್ಲ ಸಣ್ಣ ವಿಷಯ" ಎಂದರು ಭಾವ. ಊಟವಾಯಿತು, ಸಂಜೆಯ ಕಾಫಿಯೂ ಆಯಿತು. ಕೊನೆಗೆ, ಬಸ್ಸಿನ ಹೊತ್ತಾಗುತ್ತಿದೆ ಎಂದು ಗಡಿಯಾರ ನೋಡುತ್ತಿದ್ದಾಗ, ಅವರ ಕೈಗೆ ಸರಿಯಾದ ದಾರಿಯೇ ಸಿಕ್ಕಿತು.

ಹಾಡು ನುಡಿಸುವ ಪ್ರೋಗ್ರಾಮನ್ನು ಅವರು ಎರಡು ಸಲ ತೆರೆದರು. ಪರದೆಯ ಮೇಲೆ ಒಂದೇ ಥರದ ಎರಡು ವಿಂಡೋಗಳು. ಒಂದರ ಸೆಟ್ಟಿಂಗಿನಲ್ಲಿ ದನಿ ಹೆಡ್‌ಫೋನಿಗೆ ಹೋಗಲಿ ಎಂದೂ, ಇನ್ನೊಂದರಲ್ಲಿ ಸ್ಪೀಕರಿಗೆ ಹೋಗಲಿ ಎಂದೂ ಆರಿಸಿದರು. ಎರಡಕ್ಕೂ ಅದೇ ಪ್ರವಚನ ಹಾಕಿ, ಒಂದರಲ್ಲಿ ಒತ್ತಿ, ಲಗುಬಗೆಯಿಂದ ಇನ್ನೊಂದರಲ್ಲಿ ಒತ್ತಿದರು. ಎರಡೂ ಕಡೆ ದನಿ ಬಂತು. ಎರಡು ವಿಂಡೋಗಳಲ್ಲೂ ಹಸಿರು ಗೀಟುಗಳು ಮೇಲೆ ಕೆಳಗೆ ಕುಣಿಯತೊಡಗಿದವು. ಮಾವ ಹೆಡ್‌ಫೋನಿನ ಒಂದು ಬಟ್ಟಲನ್ನು ಎತ್ತಿ ಸ್ಪೀಕರಿನತ್ತ ಕಿವಿಗೊಟ್ಟು, ಮತ್ತೆ ಮುಚ್ಚಿ, ಮತ್ತೆ ಎತ್ತಿ ಪರೀಕ್ಷಿಸಿದರು. ನನ್ನ ಕಡೆ ತಿರುಗಿ, "ಆಗಲ್ಲ ಅಂದ್ಯಲ್ಲ, ಆಯ್ತು ನೋಡು" ಎಂದರು. ಭಾವ ಸ್ಕ್ರೂ ಡ್ರೈವರನ್ನು ಜೇಬಿಗೆ ಸೇರಿಸಿ, ಹಾಗೆಲ್ಲ ಆಗುವುದಿಲ್ಲ ಎನ್ನಬಾರದು ಎಂದು ನನಗೂ ನಾಲ್ಕು ಮಾತು ಹೇಳಿ ಬಸ್ಸು ಹತ್ತಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಪ್ರವಚನ ಎರಡೆರಡು ಸಲ ಆಗತೊಡಗಿತು. ಒಂದನ್ನು ಒತ್ತಿ ಇನ್ನೊಂದನ್ನು ಒತ್ತುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಗುತ್ತಿತ್ತಲ್ಲ, ಆದ್ದರಿಂದ ಸ್ಪೀಕರು ಯಾವಾಗಲೂ ಹೆಡ್‌ಫೋನಿಗಿಂತ ಒಂದು ಹೆಜ್ಜೆ ಹಿಂದೆ. ಮಾವ ಹೆಡ್‌ಫೋನಿನ ದನಿಯನ್ನು ಎಷ್ಟು ಏರಿಸಿಕೊಳ್ಳುತ್ತಿದ್ದರೆಂದರೆ ಅದು ಬಟ್ಟಲಿನ ಸಂದಿಯಿಂದ ಜಗಲಿಗೆಲ್ಲ ಸೋರುತ್ತಿತ್ತು. ಅಲ್ಲಿಂದ ಕೀರಲು ದನಿಯಲ್ಲಿ "ಎಲ್ಲವನ್ನೂ ಬಿಡಬೇಕು" ಎಂದು ಬಂದರೆ, ಬೆನ್ನಿಗೇ ಸ್ಪೀಕರಿನಿಂದ ಗಡಸು ದನಿಯಲ್ಲಿ "ಎಲ್ಲವನ್ನೂ ಬಿಡಬೇಕು" ಎಂದು ಬರುತ್ತಿತ್ತು. ಹೊತ್ತು ಹೋದ ಹಾಗೆ ಎರಡರ ನಡುವಿನ ಅಂತರ ಇನ್ನಷ್ಟು ಹೆಚ್ಚಾದಂತೆ ತೋರುತ್ತಿತ್ತು. ಇದರಿಂದ ತೊಂದರೆಯಾಗದಿದ್ದದ್ದು ಮಾವನವರೊಬ್ಬರಿಗೆ. ಅವರ ಎರಡೂ ಕಿವಿ ಮುಚ್ಚಿದ್ದವು.

"ಒಂದು ಸಲ ಕೇಳಿದ್ದೇ ನಂಗೆ ಹೆಚ್ಚಾಗಿತ್ತು" ಎಂದರು ಅತ್ತೆ, ಬೀನ್ಸ್ ಮುರಿಯುತ್ತ. ದೂರುವ ದನಿಯಲ್ಲೇನಲ್ಲ. ಉಪ್ಪು ಖಾಲಿಯಾಗಿದೆ ಎನ್ನುವ ದನಿಯಲ್ಲಿ.

ಮರುದಿನ ಬೆಳಿಗ್ಗೆ ಮಾವ ಬಂದು ಕೂತಾಗ ಎರಡೂ ವಿಂಡೋಗಳನ್ನು ತೆರೆದುಕೊಟ್ಟವಳು ನಾನೇ. ಅವರಿಗೆ ಮೌಸ್ ಎಂಬ ಇಲಿಯನ್ನು ಹಿಡಿಯಲು ಬರುತ್ತಿರಲಿಲ್ಲ, ಕಲಿಯುವುದು ತಮ್ಮ ದರ್ಜೆಯ ಕೆಲಸವೂ ಅಲ್ಲ ಅಂದುಕೊಂಡಿದ್ದರು. ಪ್ರತಿ ವಿಂಡೋದಲ್ಲೂ ದನಿ ಏರಿಸಿ ಇಳಿಸುವ ಒಂದೊಂದು ಚಿಕ್ಕ ಪಟ್ಟಿ ಇತ್ತು. ಭಾವನವರು ಅದರ ಬಗ್ಗೆ ಯೋಚಿಸದೆ ಹೋಗಿದ್ದರು. ನಾನು ಹೆಡ್‌ಫೋನಿನದನ್ನು ಪೂರ್ತಿ ಬಲಕ್ಕೆ ಎಳೆದೆ, ಸ್ಪೀಕರಿನದನ್ನು ಪೂರ್ತಿ ಎಡಕ್ಕೆ. ದನಿ ಸೊನ್ನೆಯಾದರೂ ಆ ಹಸಿರು ಗೀಟುಗಳು ನಿಲ್ಲುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಎರಡು ಕಡೆಯೂ ಅವು ಒಂದೇ ಹುರುಪಿನಿಂದ ಕುಣಿದವು. ಮಾವ ಅದನ್ನು ನೋಡಿ, ಸಮಾಧಾನದಿಂದ ಕಣ್ಣು ಮುಚ್ಚಿದರು.

ಅತ್ತೆ ಬಾಗಿಲಿಗೆ ಬಂದು ಸ್ಪೀಕರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆವತ್ತು ಮಧ್ಯಾಹ್ನ ನನಗೆ ಎರಡು ಹಪ್ಪಳ ಹೆಚ್ಚು ಬಡಿಸಿದರು.

ಉಳಿದದ್ದು ಊಟದ ಹೊತ್ತಿನ ಪರೀಕ್ಷೆ. ಮನೆಗೂ ಪ್ರವಚನ ತಲುಪುತ್ತಿದೆ ಎಂದು ಖಾತ್ರಿಯಾದ ಮೇಲೆ ಮಾವ ಸಾರಿಗೂ ಮಜ್ಜಿಗೆಗೂ ನಡುವೆ ಪ್ರಶ್ನೆ ಕೇಳಲು ಶುರುಮಾಡಿದ್ದರು. ಮೊದಲ ದಿನ ನಾನು ಹೆದರಿದ್ದೆ. ಆದರೆ ಅತ್ತೆ ಅದನ್ನು ಎಷ್ಟು ಸಲೀಸಾಗಿ ನಿಭಾಯಿಸಿದರೆಂದರೆ ನಾನು ಊಟ ಬಿಟ್ಟು ನೋಡುತ್ತ ಕೂತೆ.

"ಇವತ್ತು ಕೊನೇಲಿ ಎಂತ ಹೇಳಿದ್ರು, ಕೇಳಿದ್ಯಾ?"

"ಅದೇ, ಆಸೆಯೇ ಎಲ್ಲದಕ್ಕೂ ಮೂಲ ಅಂದ್ರಲ್ಲ."

"ಹ್ಞಾಂ. ಅದಕ್ಕೆ ಮೊದಲು?"

"ಅದಕ್ಕೆ ಮೊದಲು ಒಂದು ಕಥೆ. ಒಬ್ಬ ರಾಜ ಇದ್ದ, ಅವನಿಗೆ ಎಲ್ಲಾ ಇತ್ತು, ನೆಮ್ಮದಿ ಇರ್ಲಿಲ್ಲ."

"ಸರಿಯಾಗಿ ಕೇಳಿದಾಳೆ" ಎಂದು ಮಾವ ನನ್ನ ಕಡೆ ತಿರುಗಿದರು. "ನೀನೂ ಹೀಗೆ ಗಮನ ಇಟ್ಟು ಕೇಳ್ಬೇಕು."

ಆಮೇಲೆ ಅಡುಗೆಮನೆಯಲ್ಲಿ, ಅದು ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಇಷ್ಟು ವರ್ಷದಲ್ಲಿ ನೆಮ್ಮದಿ ಇರೋ ರಾಜನ ಕಥೆ ಒಂದಾದ್ರೂ ಕೇಳಿದೀಯ?" ಎಂದರು ಅತ್ತೆ.

ಹೀಗೆ ಮಳೆಗಾಲ ಕಳೆಯಿತು. ನನ್ನ ಮದುವೆ ಕಾಗದಗಳಿಂದ ನಶ್ವರತೆ ಹೋಯಿತು. ಎದುರು ಮನೆಯವರ ಕಿಟಕಿ ತೆರೆಯಿತು. ನಮ್ಮ ಮನೆಯ ಈ ವ್ಯವಸ್ಥೆಯ ಬಗ್ಗೆ ಮಾವ ಊರೆಲ್ಲ ಹೇಳಿಕೊಂಡು ಬಂದಿದ್ದರು. ಒಂದೇ ಕಂಪ್ಯೂಟರಿನಿಂದ ತಮ್ಮ ಕಿವಿಗೂ, ಏಕಕಾಲದಲ್ಲಿ ಇಡೀ ಮನೆಗೂ ಪ್ರವಚನ. ಅವರು ಅಧ್ಯಕ್ಷರಾಗಿದ್ದ ನಿವೃತ್ತರ ಸಂಘವೊಂದಿತ್ತು. ಅದರ ತಿಂಗಳ ಸಭೆಯನ್ನು ಈ ಸಲ ನಮ್ಮ ಜಗಲಿಯಲ್ಲೇ ಮಾಡಿ, ಸದಸ್ಯರಿಗೆಲ್ಲ ಅದನ್ನು ಕೇಳಿಸುವುದೆಂದು ಅವರೇ ತೀರ್ಮಾನಿಸಿ, ಬೆಳಿಗ್ಗೆ ತಿಂಡಿ ತಿನ್ನುವಾಗ ನಮಗೆ ತಿಳಿಸಿದರು. ಸಭೆ ಅದೇ ದಿನ ಮಧ್ಯಾಹ್ನ.

ನಾನು ಸ್ಪೀಕರಿನ ಪಟ್ಟಿಯನ್ನು ಸರಿಮಾಡಿಡಬೇಕು ಎಂದುಕೊಂಡೆ. ಆದರೆ ಅಷ್ಟರಲ್ಲಿ ನೆಮ್ಮಾರಿನಿಂದ ಮಾವನ ಅಕ್ಕ ಬಂದಿಳಿದರು. ಅವರನ್ನು ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದರು. ಶಿರಸ್ತೇದಾರರನ್ನು ಈಗಲೂ ಚಿಕ್ಕ ಹುಡುಗನನ್ನು ಕರೆದ ಹಾಗೆ 'ಮಾಣಿ' ಎನ್ನುವ ಒಬ್ಬರೇ ವ್ಯಕ್ತಿ. ಅವರಿಗೆ ಬಿಸಿನೀರು, ಅವರ ಚೀಲದ ಹಲಸಿನ ಹಪ್ಪಳ, ಜೊತೆಗೆ ಸಂಘದವರಿಗೆ ಅವಲಕ್ಕಿ, ಕೇಸರಿಬಾತು. ನಾನು ಒಲೆಯ ಮುಂದೆ ರವೆ ಹುರಿಯುತ್ತಿರುವಾಗ ಜಗಲಿಯಿಂದ ಮಾವನ ಕರೆ ಬಂತು. ಕೈ ಒರೆಸಿಕೊಂಡು ಓಡಿ, ರೂಢಿಯಂತೆ ಎರಡು ವಿಂಡೋ ತೆರೆದು, ರೂಢಿಯಂತೆಯೇ ಒಂದು ಪಟ್ಟಿಯನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ಎಳೆದು, ರವೆ ಸೀಯುವ ಮೊದಲು ವಾಪಸು ಓಡಿದೆ.

ಕೇಸರಿಬಾತು ಇಳಿಸಿದ ಮೇಲೆ ನೆನಪಾಯಿತು. ಬಾಗಿಲಿಗೆ ಬಂದು ನೋಡಿದರೆ ಜಗಲಿ ತುಂಬಿತ್ತು. ನಿವೃತ್ತ ಮೇಷ್ಟರುಗಳು, ನಿವೃತ್ತ ಗುಮಾಸ್ತರು, ನಿವೃತ್ತ ಇಂಜಿನಿಯರೊಬ್ಬರು, ಎಲ್ಲರೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೈಕಟ್ಟಿ, ನನ್ನ ಆ ಎರಡು ಪುಟ್ಟ ಸ್ಪೀಕರುಗಳ ಕಡೆ ಮುಖಮಾಡಿ ಕೂತಿದ್ದರು. ಕುರ್ಚಿಯಲ್ಲಿ ಮಾವ, ತಲೆಯ ಮೇಲೆ ಹೆಡ್‌ಫೋನ್, ಕಣ್ಣು ಮುಚ್ಚಿದೆ, ಬೆರಳು ತಾಳ ಹಾಕುತ್ತಿದೆ. ಸಂದಿಯಿಂದ ಸೋರುವ ಚಿಂಯ್ ಚಿಂಯ್ ಬಿಟ್ಟರೆ ಜಗಲಿಯಲ್ಲಿ ಒಂದು ಸದ್ದಿಲ್ಲ. ಗೋಡೆ ಗಡಿಯಾರ ಟಿಕ್ ಎನ್ನುವುದು ಕೇಳುತ್ತಿತ್ತು.

ಮಾವ ಕಣ್ಣು ತೆರೆದು, ಕೂಗಿದರು. "ಹೇಗಿದೆ?"

ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡರು. ತನಗೊಬ್ಬನಿಗೇ ಕಿವಿ ಕೇಳದೆ ಹೋಗಿದೆಯೇ ಎಂಬ ಹೆದರಿಕೆ ಒಬ್ಬೊಬ್ಬರ ಮುಖದಲ್ಲೂ ಇತ್ತು. ಆ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಕೇಳುವವರು ಯಾರು?

"ಬಹಳ ಚೆನ್ನಾಗಿದೆ" ಎಂದರು ಇಂಜಿನಿಯರು.

"ಅದ್ಭುತ" ಎಂದರು ಮೇಷ್ಟರೊಬ್ಬರು. ಉಳಿದವರು ನೆಮ್ಮದಿಯಿಂದ ತಲೆದೂಗಲು ಶುರುಮಾಡಿದರು. ಮಾವ ತಲೆದೂಗಿದಾಗ ದೂಗುವರು, ಮಾವ ನಕ್ಕಾಗ ನಗುವರು. ಒಬ್ಬರು ಕಣ್ಣೊರೆಸಿಕೊಂಡದ್ದನ್ನೂ ನಾನು ನೋಡಿದೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಮೇಲಧಿಕಾರಿಯ ಮುಖ ನೋಡಿ ನಗುವ ಅಭ್ಯಾಸ ಒಬ್ಬರಿಗೂ ತಪ್ಪಿರಲಿಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದ ಅತ್ತೆ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಮುಂದೆ ಹೋಗದಂತೆ ಹಿಡಿದರೋ, ತಮ್ಮ ನಗು ತಡೆಯಲು ಹಿಡಿದರೋ ಗೊತ್ತಿಲ್ಲ.

ಆಗ ದೊಡ್ಡತ್ತೆ ಸ್ನಾನ ಮುಗಿಸಿ, ಕೂದಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಗೆ ಬಂದರು. ಸುಮ್ಮನೆ ಕೂತ ಅಷ್ಟು ಗಂಡಸರನ್ನು ನೋಡಿ, "ಯಾರು ಹೋದ್ರು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಯಾರೂ ಇಲ್ಲಮ್ಮ, ಪ್ರವಚನ ಕೇಳ್ತಿದೀವಿ" ಎಂದರು ಹತ್ತಿರದಲ್ಲಿದ್ದವರು.

"ಎಲ್ಲಿ ಪ್ರವಚನ? ಎಂತದೂ ಕೇಳ್ತಿಲ್ಲಲ್ಲ." ಅವರು ನೇರ ಹೋಗಿ ಸ್ಪೀಕರಿಗೆ ಕಿವಿಯಿಟ್ಟು, ನೆಟ್ಟಗಾಗಿ, ತಮ್ಮನ ತಲೆಯಿಂದ ಹೆಡ್‌ಫೋನನ್ನು ಎತ್ತಿದರು. "ಮಾಣಿ, ನಿನ್ನ ಕಿವಿಯೊಳಗೆ ಕೇಳೋದು ಇವರಿಗೆಲ್ಲ ಹೆಂಗೆ ಕೇಳತ್ತೆ ಮಾರಾಯ?"

ಮಾವ ಸ್ಪೀಕರಿನತ್ತ ಬಾಗಿದರು. ಗೀಟುಗಳು ಕುಣಿಯುತ್ತಿದ್ದವು. ಆಮೇಲೆ ಸಭೆಯ ಕಡೆ ತಿರುಗಿದರು. "ಮತ್ತೆ ಚೆನ್ನಾಗಿದೆ ಅಂದ್ರಲ್ಲ?"

ಇಂಜಿನಿಯರು ಗಂಟಲು ಸರಿಮಾಡಿಕೊಂಡು, "ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತಿತ್ತು ಸಾರ್, ಚೆನ್ನಾಗಿದೆ ಅಂತ" ಎಂದರು. ಅತ್ತೆ ಕೇಸರಿಬಾತಿನ ತಟ್ಟೆಗಳನ್ನು ಹೊರಗೆ ಕಳಿಸಿದರು. ಇಷ್ಟು ಹೊತ್ತು ಮೌನ ಕೇಳಿ ದಣಿದವರಂತೆ ಎಲ್ಲರೂ ತಿಂದರು.

ಅವರೆಲ್ಲ ಹೋದ ಮೇಲೆ ಮಾವ ನನ್ನನ್ನು ಕರೆದರು. "ಎಂತಾಗಿತ್ತು?"

"ಸ್ಪೀಕರಿನ ದನಿ ಸೊನ್ನೆಗಿತ್ತು ಮಾವ."

"ಯಾರು ಮಾಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ನಾನು ಹೇಳಿ ಮಾಡ್ಸಿದ್ದು."

ಅದು ನಿಜವಲ್ಲ. ಅವರು ನನಗೆ ಯಾವತ್ತೂ ಏನೂ ಹೇಳಿರಲಿಲ್ಲ. ಮಾವ ಹೆಂಡತಿಯನ್ನು ನೋಡಿದ ರೀತಿ ನೋಡಿದರೆ, ಅವರಿಂದ ಇಂಥ ಒಂದು ವಾಕ್ಯವನ್ನು ಕೇಳಿದ್ದು ಅದೇ ಮೊದಲು ಎನಿಸಿತು. ಅವರು ಇನ್ನೇನು ಕೇಳುತ್ತಾರೋ ಎಂದು ಕಾದೆ. ಅತ್ತೆ ಅಲ್ಲೇ ನಿಂತಿದ್ದರು, ಒಳಗೆ ಹೋಗಲಿಲ್ಲ. ಎಲೆ ಅಡಿಕೆ ತಟ್ಟೆ ಹಿಡಿದು ಕೂತಿದ್ದ ದೊಡ್ಡತ್ತೆ, "ಸರಿ ಮಾಡಿದೀಯ ಬಿಡು" ಎಂದರು. ಮಾವ ಹೆಡ್‌ಫೋನನ್ನು ಎತ್ತಿ ಮತ್ತೆ ತಲೆಗಿಟ್ಟುಕೊಂಡರು. ಅದರಲ್ಲಿ ಆಗ ಪ್ರವಚನ ಮುಗಿದುಹೋಗಿತ್ತು. ಆದರೂ ಸಂಜೆ ದೀಪ ಹಚ್ಚುವ ತನಕ ತೆಗೆಯಲಿಲ್ಲ.

ಅವರು ನಾಚಿಕೊಂಡರೇ, ಬದಲಾದರೇ ಎಂದು ಕೇಳಿದರೆ ನನಗೆ ನಗು ಬರುತ್ತದೆ. ಅಂಥವರಿಗೆ ಅವಮಾನ ಆಗುವುದಿಲ್ಲ, ಅದು ಅವರನ್ನು ದಾಟಿ ಬೇರೆ ಯಾರಿಗೋ ಹೋಗುತ್ತದೆ. ಒಂದೆರಡು ದಿನ ಕಳೆದ ಮೇಲೆ ಮನೆಗೆ ಬಂದವರಿಗೆಲ್ಲ, "ಪ್ರವಚನ ಒಬ್ಬೊಬ್ಬರೇ ಕೇಳ್ಬೇಕು, ಗುಂಪಲ್ಲಿ ಕೇಳಿದ್ರೆ ಏಕಾಗ್ರತೆ ಬರಲ್ಲ. ಅದಕ್ಕೇ ನಾನು ಸ್ಪೀಕರ್ ನಿಲ್ಲಿಸಿದೀನಿ" ಎನ್ನತೊಡಗಿದರು. ಊಟದ ಹೊತ್ತಿನ ಪ್ರಶ್ನೆಗಳು ನಿಂತವು. ವರ್ಷದ ಕೊನೆಯಲ್ಲಿ ನಿವೃತ್ತರ ಸಂಘದ ವರದಿ ಟೈಪ್ ಮಾಡಲು ನನ್ನ ಹತ್ತಿರವೇ ಬಂತು. 'ಅಧ್ಯಕ್ಷರ ಮನೆಯಲ್ಲಿ ಆಧುನಿಕ ತಂತ್ರಜ್ಞಾನದ ಮೂಲಕ ಪ್ರವಚನ ಶ್ರವಣ ನಡೆಯಿತು. ಸದಸ್ಯರೆಲ್ಲರೂ ಭಾಗವಹಿಸಿ ಕೃತಾರ್ಥರಾದರು' ಎಂದಿತ್ತು. ನಾನು 'ಕೃತಾರ್ಥ'ದ ಒತ್ತಕ್ಷರ ತಿದ್ದಿದೆ. ಉಳಿದದ್ದು ಹಾಗೇ ಅಚ್ಚಾಯಿತು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಮಾವ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದ ಮೇಲೆ ಅತ್ತೆ ಬಂದು ನನ್ನ ಪಕ್ಕದಲ್ಲಿ ನಿಂತರು. "ಆ ಇನ್ನೊಂದು ಖಾಲಿ ಇದ್ಯಲ್ಲ, ಸ್ಪೀಕರಿಂದು. ಅದರಲ್ಲಿ ಬೇರೆ ಎಂತಾದ್ರೂ ಹಾಕ್ಲಿಕ್ಕೆ ಬರತ್ತಾ?"

"ಬರತ್ತೆ ಅತ್ತೆ. ಅದೂ ಇದೂ ಬೇರೆ ಬೇರೆ. ಎಂತ ಹಾಕ್ಲಿ?"

ಅವರು ಜಗಲಿಯ ಕಂಬದ ಕಡೆ ನೋಡುತ್ತ, "ಹಳೆ ಸಿನಿಮಾ ಹಾಡು ಇದ್ರೆ ಹಾಕು. ಕುಣಿಯೋ ಥರದ್ದು" ಎಂದರು.

ಗಂಡನಿಗೆ ಹೇಳಿ ಕೊಪ್ಪದಿಂದ ಒಂದು ಸಿಡಿ ತರಿಸಿದೆ. ಒಂದು ವಿಂಡೋದಲ್ಲಿ ವೈರಾಗ್ಯ ಮಾವನ ಕಿವಿಗೆ, ಇನ್ನೊಂದರಲ್ಲಿ ಹಾಡು ಮನೆಗೆ. ಸ್ಪೀಕರಿನ ವಯರು ಉದ್ದ ಮಾಡಿ ಅಡುಗೆಮನೆಯ ಬಾಗಿಲಿನ ತನಕ ಎಳೆದೆವು. ಅತ್ತೆ ತೆಂಗಿನಕಾಯಿ ತುರಿಯುತ್ತ ಹಾಡಿನ ಜೊತೆ ಗುನುಗುತ್ತಿದ್ದರು, ಮಣೆಯ ಮೇಲೆ ಅವರ ಹೆಗಲು ತಾಳಕ್ಕೆ ಸರಿಯಾಗಿ ಅಲುಗುತ್ತಿತ್ತು. ಕುರ್ಚಿಯಿಂದ ಮಾವ ಒಮ್ಮೆ ಕಣ್ಣು ತೆರೆದು ಅದನ್ನು ನೋಡಿದರು. ಪ್ರವಚನದಲ್ಲಿ ಭಜನೆ ಬಂದಿರಬೇಕು. ಹೆಂಡತಿಯೂ ತಮ್ಮ ಜೊತೆ ಭಜನೆಗೆ ದನಿಗೂಡಿಸುತ್ತಿದ್ದಾಳೆ ಎಂದುಕೊಂಡು, ಮೆಚ್ಚುಗೆಯಿಂದ ಕೈಯೆತ್ತಿದರು. ಅತ್ತೆಯೂ ತುರಿಯುವ ಕೈ ನಿಲ್ಲಿಸದೆ, ತಲೆಯಾಡಿಸಿದರು.